ನಾನು ನುಂಗಿದ ತೊಂಬತ್ತೊಂದು

ಇದನ್ನು ನೀವು ನಂಬುವುದಿಲ್ಲ. ನನ್ನ ಮಾತು ನಂಬಿ ಕೆಟ್ಟವರು ಈಗಾಗಲೇ ಇದ್ದಾರೆ, ಹಾಗಾಗಿ ನಂಬದಿದ್ದರೆ ನಿಮಗೇ ಒಳ್ಳೆಯದು. ಆದರೂ ಹೇಳಿಬಿಡುತ್ತೇನೆ. ಹೋದ ವರ್ಷ ರಾಣೇಬೆನ್ನೂರಿನ ಬಸ್ ಸ್ಟ್ಯಾಂಡಿನಲ್ಲಿ, ಹಾಡಹಗಲಲ್ಲಿ, ಅಷ್ಟು ಜನರ ನಡುವೆ ಕೂತು ನಾನು ಎರಡು ಕಾಗದದ ಚೀಟಿ ತಿಂದೆ. ಗಿರಮಿಟ್ಟಿನ ಜೊತೆ, ಅದೇ ನಮ್ಮ ಕಡೆಯ ಮಸಾಲೆ ಮಂಡಕ್ಕಿ. ಒಂದು ಸಲೀಸಾಗಿ ಇಳಿಯಿತು. ಇನ್ನೊಂದು ಇವತ್ತಿಗೂ ಗಂಟಲಲ್ಲೇ ಕೂತಿದೆ ಅಂತ ನನ್ನ ಅನುಮಾನ.

ಯಾಕೆ ತಿಂದೆ ಅನ್ನುವ ಮೊದಲು ಅಪ್ಪನ ಕೆಲಸ ಹೇಳಬೇಕು. ಅಪ್ಪ ಬ್ಯಾಡಗಿ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯಲ್ಲಿ ಮೆಣಸಿನಕಾಯಿ ನೋಡುವವನು. ನೋಡುವುದು ಅಂದರೆ ಸುಮ್ಮನೆ ನೋಡುವುದಲ್ಲ. ರಾಶಿಯ ನಡುವೆ ಕೈ ತೂರಿಸಿ ಒಂದು ಹಿಡಿ ತೆಗೆಯುತ್ತಾನೆ, ಮುಷ್ಟಿ ಕಟ್ಟಿ ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಾನೆ. ಬೀಜ ಗಲಗಲ ಅಂದರೆ ಒಣಗಿದ ಮಾಲು. ಸದ್ದಿಲ್ಲದಿದ್ದರೆ ಒಳಗೆ ಹಸಿ ಇದೆ, ಮೇಲೆ ಎಷ್ಟು ಕೆಂಪಗೆ ಹೊಳೆದರೂ ಮೋಸ. ಆಮೇಲೆ ಒಂದನ್ನು ಮುರಿದು ಮೂಸಿ, "ಹ್ಞೂಂ" ಅನ್ನುತ್ತಾನೆ. ಆ ಹ್ಞೂಂ ಕೇಳಲು ದೊಡ್ಡ ದೊಡ್ಡ ವ್ಯಾಪಾರಸ್ಥರು ಬಾಯಿ ಮುಚ್ಚಿಕೊಂಡು ನಿಂತಿರುತ್ತಾರೆ. ನಮ್ಮ ಮನೆಯಲ್ಲಿ ಅವ್ವ ಒಬ್ಬಳೇ ಆ ಹ್ಞೂಂಗೆ ಬೆಲೆ ಕೊಡುವುದಿಲ್ಲ.

ಮೊದಲೆಲ್ಲ ಅಲ್ಲಿ ಚೀಟಿ ವ್ಯಾಪಾರ ಇತ್ತಂತೆ. ಕೊಳ್ಳುವವರು ಒಂದೊಂದು ರಾಶಿಯ, ಅಂದರೆ ಲಾಟಿನ, ಮುಂದೆ ನಿಂತು, ಯಾರಿಗೂ ಕಾಣದ ಹಾಗೆ ರೇಟು ಬರೆದು, ಚೀಟಿಯನ್ನು ಪೆಟ್ಟಿಗೆಗೆ ಹಾಕುತ್ತಿದ್ದರು. ಪೆಟ್ಟಿಗೆ ತೆಗೆದಾಗ ಯಾರದು ಹೆಚ್ಚೋ ಮಾಲು ಅವರದು. ಈಗ ಎಲ್ಲರೂ ಮೊಬೈಲಿನಲ್ಲಿ ಒತ್ತುತ್ತಾರೆ. ಉಳಿದ ಚೀಟಿ ಪುಸ್ತಕಗಳನ್ನು ಅಂಗಡಿಯ ಧಣಿ ಅಪ್ಪನಿಗೆ ಕೊಟ್ಟುಬಿಟ್ಟಿದ್ದರು. ಪ್ರತಿ ಪುಸ್ತಕದಲ್ಲೂ ಮೇಲೊಂದು ಬಿಳಿ ಹಾಳೆ, ಕೆಳಗೊಂದು ಗುಲಾಬಿ ಹಾಳೆ. ಬಿಳಿಯದರ ಮೇಲೆ ಬರೆದದ್ದು ಗುಲಾಬಿಗೂ ಇಳಿಯುತ್ತದೆ. ಬಿಳಿಯದು ಪೆಟ್ಟಿಗೆಗೆ ಹೋಗುತ್ತದೆ, ಗುಲಾಬಿ ಪುಸ್ತಕದಲ್ಲೇ ಇರುತ್ತದೆ. ಅವ್ವನಿಗೆ ಆ ಗುಲಾಬಿ ಹಾಳೆಗಳ ಖಾಲಿ ಬೆನ್ನು ಬಹಳ ಇಷ್ಟ. ನಮ್ಮ ಮನೆಯ ಕಿರಾಣಿ ಪಟ್ಟಿ ಎಲ್ಲ ಗುಲಾಬಿ ಬಣ್ಣದಲ್ಲೇ ಅಂಗಡಿಗೆ ಹೋಗುತ್ತದೆ.

ಇನ್ನು ನನ್ನ ಕೆಲಸ. ನಾನಾಗ ರಾಣೇಬೆನ್ನೂರಿನಲ್ಲಿ ಪಿಯುಸಿ ಎರಡನೇ ವರ್ಷ, ಕಾಮರ್ಸ್. ದಿನಾ ಬ್ಯಾಡಗಿಯಿಂದ ಬಸ್ಸು, ಮೋಟೆಬೆನ್ನೂರಿನ ತನಕ ನಿಂತು, ಅಲ್ಲಿಂದ ಮುಂದೆ ಯಾರದಾದರೂ ಸೀಟು ಕಸಿದು. ಆ ವರ್ಷ ನಮ್ಮ ಕ್ಲಾಸಿಗೆ ಒಂದು ಹುಚ್ಚು ಹಿಡಿದಿತ್ತು. ಪಿಯುಸಿ ಮುಗಿದವರನ್ನೇ ಐದು ವರ್ಷಕ್ಕೆ ತೆಗೆದುಕೊಂಡು ಮ್ಯಾನೇಜರ್ ಮಾಡಿ ಕಳಿಸುವ ದೊಡ್ಡ ಕಾಲೇಜುಗಳು ಇವೆಯಲ್ಲ, ಅವುಗಳ ಹುಚ್ಚು. ಸೀಟು ಒಂದು ಬಸ್ಸಿನಷ್ಟು, ಅರ್ಜಿ ಹಾಕುವವರು ಸೋಮವಾರದ ಮಾರುಕಟ್ಟೆಯ ಮೆಣಸಿನಕಾಯಿ ರಾಶಿಯಷ್ಟು. ಪ್ರವೇಶ ಪರೀಕ್ಷೆ ಬೇರೆ, ಹತ್ತನೇ ತರಗತಿಯ ಅಂಕ ಬೇರೆ, ತನ್ನ ಬಗ್ಗೆ ತಾನೇ ಬರೆಯುವ ಪ್ರಬಂಧ ಬೇರೆ, ಕೊನೆಗೆ ಸಂದರ್ಶನ.

"ನಮಗ ಚಾನ್ಸ್ ಐತೇನ್ರಿ ಸರ್?" ಅಂತ ಕಾಮರ್ಸ್ ಸರ್‌ನ ಕೇಳಿದೆವು.

"ಚಾನ್ಸ್ ಎಲ್ಲಾರಿಗೂ ಇರ್ತೈತಿ ನೋಡ್ವಾ."

"ಎಷ್ಟೈತ್ರಿ?"

"ಅದು ನಿಮ್ಮ ನಿಮ್ಮ ಪ್ರಯತ್ನದ ಮ್ಯಾಲೆ," ಅಂದು ಸರ್ ಹಾಜರಿ ತೆಗೆದುಕೊಂಡರು.

ಇಂಥ ಉತ್ತರ ಕೊಟ್ಟು ಅಪ್ಪ ಮಾರುಕಟ್ಟೆಯಲ್ಲಿ ಒಂದು ದಿನ ಉಳಿಯಲಾರ. ರೈತನಿಗೆ ಒಂದು ಅಂಕಿ ಬೇಕು. ವಿದ್ಯಾರ್ಥಿಗೂ ಅಷ್ಟೇ. ಅಲ್ಲಿಂದ ನನ್ನ ವ್ಯಾಪಾರ ಶುರುವಾಯಿತು.

ಬಸ್ ಸ್ಟ್ಯಾಂಡಿನ ಹತ್ತಿರ ನನ್ನ ಗೆಳತಿಯ ಅಪ್ಪನದೊಂದು ಬೇಕರಿ ಇದೆ. ಅದರ ಹಿಂದಿನ ಬೆಂಚು ನಮ್ಮ ಮಾರುಕಟ್ಟೆ. ರೇಟು ಹಾಕುವವರು ಮೂವರು: ನಾನು, ಈ ಬೇಕರಿಯಾಕೆ, ಮತ್ತೆ ಗುತ್ತಲದಿಂದ ಬರುವ ಇನ್ನೊಬ್ಬ ಗೆಳತಿ. ಗುತ್ತಲದಾಕೆ ಭಯಂಕರ ಪ್ರಾಮಾಣಿಕ ಹುಡುಗಿ. ಪೆನ್ನನ್ನು ನೇಗಿಲಿನ ಹಾಗೆ ಒತ್ತಿ ಬರೆಯುತ್ತಾಳೆ, ಆಕೆ ಪರೀಕ್ಷೆ ಬರೆದ ಮೇಜಿನ ಮೇಲೆ ಉತ್ತರ ಓದಿ ಮುಂದಿನ ವರ್ಷದವರು ಪಾಸಾಗಿದ್ದಾರೆ. ಮೂವರಿಗೂ ಒಂದೊಂದು ಚೀಟಿ ಪುಸ್ತಕ ಕೊಟ್ಟೆ. ಪೆಟ್ಟಿಗೆ ನನ್ನ ಟಿಫಿನ್ ಬಾಕ್ಸು. ಬಂದವರನ್ನು ಕೂರಿಸಿ ಅಂಕಪಟ್ಟಿ ನೋಡುತ್ತಿದ್ದೆವು, ಪ್ರಬಂಧ ಓದುತ್ತಿದ್ದೆವು, ನಾಲ್ಕು ಪ್ರಶ್ನೆ ಕೇಳುತ್ತಿದ್ದೆವು. ಆಮೇಲೆ ನನ್ನ ವಿಶೇಷ ಪರೀಕ್ಷೆ.

"ಕೈ ಕೊಡು."

ಕೈ ಕೊಟ್ಟರೆ ಅಪ್ಪನ ಹಾಗೆ ಕಣ್ಣು ಮುಚ್ಚಿ ಹಿಂಡುತ್ತಿದ್ದೆ. ಅಂಗೈ ಒದ್ದೆಯಾಗಿದ್ದರೆ ಹಸಿ ಮಾಲು, ಸಂದರ್ಶನದಲ್ಲಿ ಬೆವರುತ್ತಾನೆ, ಹತ್ತು ಕಡಿಮೆ. ನಮ್ಮ ಕ್ಲಾಸಿನಲ್ಲೇ ಮೊದಲ ಬೆಂಚಿನ ಹುಡುಗನೊಬ್ಬನ ಕೈ ಹಿಂಡಿದಾಗ ಒಂದು ಲೋಟ ನೀರು ಬಂತು ಅಂತ ನಾನು ಹೇಳಿದರೆ ನೀವು ನಂಬುವುದಿಲ್ಲ. ಅರ್ಧ ಲೋಟ ಅಂತಾದರೂ ನಂಬಿ. ಅವನಿಗೆ ನಲವತ್ತು ಬಿತ್ತು. ಅವನು ಅಳುಮುಖ ಮಾಡಿ, "ಕೈ ತೊಳಕೊಂಡು ಬಂದಿದ್ನಿಲೇ, ಒರಸ್ಕೊಂಡಿರಲಿಲ್ಲ," ಅಂದ. ಮಾರುಕಟ್ಟೆಯಲ್ಲಿ ರೈತರೂ ಹಾಗೇ ಹೇಳುತ್ತಾರಂತೆ, ಮಳೆ ಬಿದ್ದಿತ್ತು ಅಂತ.

ಮೂವರೂ ನೂರಕ್ಕೆ ಎಷ್ಟು ಚಾನ್ಸ್ ಅಂತ ಚೀಟಿ ಬರೆದು ಬಾಕ್ಸಿಗೆ ಹಾಕುತ್ತಿದ್ದೆವು. ಬಾಕ್ಸು ತೆರೆಯುವುದು ನಾನೊಬ್ಬಳೇ. ಮಾಲಿನ ಧಣಿಗೆ, ಅಂದರೆ ಕೇಳಲು ಬಂದ ವಿದ್ಯಾರ್ಥಿಗೆ ಮಾತ್ರ, ಪಕ್ಕಕ್ಕೆ ಕರೆದು, ಮೂರರಲ್ಲಿ ಹೆಚ್ಚಿನ ರೇಟು ಹೇಳುವುದು. ಈ ನಿಯಮ ನಾನೇ ಮಾಡಿದ್ದು, ಯಾಕೆಂದರೆ ಗುಟ್ಟು ಇದ್ದಲ್ಲಿ ಗಿರಾಕಿ ಹೆಚ್ಚು. ಕೂಲಿ ಒಂದು ಪ್ಲೇಟು ಗಿರಮಿಟ್ಟು, ಮೇಲೊಂದು ಮಿರ್ಚಿ ಭಜಿ. ಎರಡು ತಿಂಗಳಲ್ಲಿ ನನ್ನ ಯೂನಿಫಾರ್ಮು ಬಿಗಿಯಾಯಿತು. ಕಾಲೇಜಿನಲ್ಲಿ ನಾನು ಹೋಗುವಾಗ ಹುಡುಗರು ದಾರಿ ಬಿಡುತ್ತಿದ್ದರು. ಅದು ಹೆಸರಿಗೋ ಸೊಂಟಕ್ಕೋ ಗೊತ್ತಿಲ್ಲ.

ಒಮ್ಮೆ ಗುತ್ತಲದಾಕೆ, "ನಿನ್ನ ಲಾಟೂ ಹಚ್ಚೋಣ ಬಾ," ಅಂದಳು.

"ಅಂಗಡಿಯಾಂವ ತನ್ನ ಮಾಲಿಗೆ ತಾನ ರೇಟ್ ಹಾಕಂಗಿಲ್ಲ. ಮಾರ್ಕೆಟ್ಟಿನ ಕಾಯ್ದೆ ಐತಿ," ಅಂದೆ. ಅಂಥ ಕಾಯ್ದೆ ಎಲ್ಲೂ ಇಲ್ಲ.

ಎಲ್ಲ ಚೆನ್ನಾಗಿತ್ತು. ಹಾವೇರಿಯಿಂದ ಆಕೆ ಬರುವ ತನಕ.

ಹಾವೇರಿಯಲ್ಲಿ ನನ್ನ ಅತ್ತೆ, ಅಂದರೆ ಅಪ್ಪನ ತಂಗಿ, ಕೋರ್ಟಿನ ಎದುರು ಝೆರಾಕ್ಸ್ ಅಂಗಡಿ ನಡೆಸುತ್ತಾಳೆ. ಅತ್ತೆಯ ಮಗಳು ನನಗಿಂತ ಮೂರು ತಿಂಗಳು ಚಿಕ್ಕವಳು. ಅಂದರೆ ಹುಟ್ಟಿದ ಮೇಲೆ ಮೂರು ತಿಂಗಳು ನಾನು ನಮ್ಮ ವಂಶದ ಅತಿ ಜಾಣ ಕೂಸಾಗಿದ್ದೆ. ಆ ಮೂರು ತಿಂಗಳ ಒಂದು ನೆನಪೂ ನನಗಿಲ್ಲ. ನೆನಪು ಶುರುವಾಗುವ ಹೊತ್ತಿಗೆ ಆಕೆ ಬಂದಾಗಿತ್ತು.

ಆಕೆ ಒಂಬತ್ತು ತಿಂಗಳಿಗೇ ನಡೆದಳು, ನಾನು ವರ್ಷದ ಮೇಲೂ ಕೂತಲ್ಲೇ ಕೂತಿದ್ದೆ, ಇದನ್ನು ನಮ್ಮ ಮನೆಗೆ ಬಂದ ಪ್ರತಿ ನೆಂಟರಿಗೂ ಚಹಾದ ಜೊತೆ ಕೊಡುತ್ತಾರೆ. ಆಕೆಯ ಕೂದಲು ಸೊಂಟ ದಾಟುತ್ತದೆ, ನನ್ನದು ಬಾಚಣಿಗೆ ದಾಟುವುದಿಲ್ಲ. ಆಕೆಗೆ ಮೊಡವೆ ಬಂದರೂ ಶನಿವಾರ ಸಂಜೆ ಬಂದು ಸೋಮವಾರ ಕಾಲೇಜಿನ ಗಂಟೆ ಹೊಡೆಯುವ ಮೊದಲು ಹೋಗುತ್ತದೆ. ನನ್ನವು ವಾರಗಟ್ಟಲೆ ಉಳಿಯುತ್ತವೆ, ತವರಿಗೆ ಬಂದವರ ಹಾಗೆ. ಹತ್ತನೇ ತರಗತಿಯಲ್ಲಿ ನನಗೆ ಎಪ್ಪತ್ತೆಂಟು ಶೇಕಡಾ ಬಂದ ದಿನ ಅಪ್ಪ ಪೇಢೆಯ ಪೊಟ್ಟಣ ತಂದ. ನಾನು ನಾಚಿಕೊಂಡು ಒಂದು ಬಾಯಿಗೆ ಹಾಕಿಕೊಂಡೆ.

"ಹೆಂಗೈತಿ? ನಿಮ್ಮತ್ತಿ ಮಗಳದು. ತೊಂಬತ್ತಾರು ಬಿದ್ದಾವಂತ," ಅಂದ ಅಪ್ಪ.

ಆ ಪೇಢೆಯನ್ನು ನುಂಗುವುದೋ ಉಗುಳುವುದೋ ಅಂತ ಯೋಚಿಸುತ್ತ ನಾನು ಒಂದು ತಾಸು ಕೂತಿದ್ದೆ.

ಬ್ಯಾಡಗಿ ಮೆಣಸಿನಕಾಯಿಯಲ್ಲಿ ಎರಡು ಬಗೆ. ಡಬ್ಬಿ ಅಂತ ಒಂದು, ದುಂಡಗೆ, ತುಂಬಿಕೊಂಡು, ಬಣ್ಣಕ್ಕೆ ಹೆಸರಾದದ್ದು, ರೇಟಿನಲ್ಲಿ ಎಲ್ಲರಿಗಿಂತ ಮುಂದೆ. ಕಡ್ಡಿ ಅಂತ ಇನ್ನೊಂದು, ಸಣ್ಣಗೆ ಉದ್ದಕ್ಕೆ, ಒಂದು ಹೆಜ್ಜೆ ಹಿಂದೆ. ಅಪ್ಪ ನಮ್ಮಿಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ ಊರ ಮಂದಿಗೆ ಹೇಳುತ್ತಿದ್ದ: "ನಮ್ಮ ತಂಗಿ ಮಗಳು ಡಬ್ಬಿ ಮಾಲ್ರಿ. ಇಕಿನೂ ಚಲೋನ ಅದಾಳ, ಕಡ್ಡಿ." ಆ ಚಲೋನ ಅನ್ನುವ ಮಾತು ಇದೆಯಲ್ಲ, ಅದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಅಪ್ಪ ಮಾಲು ನೋಡುವುದರಲ್ಲಿ ಎಂದೂ ತಪ್ಪಿದವನಲ್ಲ ಅನ್ನುವುದು ಇನ್ನೂ ದೊಡ್ಡ ತೊಂದರೆ.

ಹೀಗಿರುವಾಗ ಆಕೆ ಒಂದು ಗುರುವಾರ ಮಧ್ಯಾಹ್ನ ಬೇಕರಿಯ ಹಿಂದಿನ ಬೆಂಚಿಗೆ ಬಂದು ನಿಂತಳು. ಕೈಯಲ್ಲಿ ಪ್ಲಾಸ್ಟಿಕ್ ಫೈಲು.

"ನಿನ್ನ ಕಡೆ ಒಮ್ಮೆ ತೋರಸ್ಬೇಕಂತ ಹಾವೇರಿಯಿಂದ ಬಂದೇನಿ," ಅಂದಳು. "ಅರ್ಜಿ ಹಾಕೂದೋ ಬ್ಯಾಡೋ ಒಂದೂ ತಿಳಿವಲ್ದು. ಅವ್ವ ಅಂತಾಳ, ಹಾವೇರ್‍ಯಾಗ ಬಿ.ಕಾಂ. ಮಾಡು, ಅಂಗಡಿನೂ ನೋಡ್ಕೋ ಅಂತ. ಪರೀಕ್ಷಾಕ್ಕ ಹುಬ್ಬಳ್ಳಿಗೆ ಹೋಗ್ಬೇಕಂದ್ರ ಅವ್ವ ಅಂಗಡಿ ಮುಚ್ಚಿ ಬರ್ಬೇಕು. ನೀನು ಚಾನ್ಸ್ ಐತಿ ಅಂದ್ರ ಹಾಕ್ತೇನಿ. ಇಲ್ಲಂದ್ರ ಇಲ್ಲ."

ನೋಡಿ, ಹೊಟ್ಟೆಕಿಚ್ಚಿನವಳ ಕೈಗೆ ಯಾರಾದರೂ ಹೀಗೆ ತಾವೇ ಕಡ್ಡಿಪೆಟ್ಟಿಗೆ ಕೊಡುತ್ತಾರೆಯೇ?

ಅಂಕಪಟ್ಟಿ ನೋಡಿದೆವು. ಅದರ ಬಗ್ಗೆ ನಾನು ಏನೂ ಹೇಳುವುದಿಲ್ಲ. ಗಣಿತದಲ್ಲಿ ಎರಡು ಅಂಕ ಹೋಗಿತ್ತು, ಆ ಎರಡನ್ನು ನೋಡಿ ನನಗೆ ಸ್ವಲ್ಪ ಸಮಾಧಾನವಾಯಿತು. ಕೈ ಹಿಂಡಿದೆ. ಕೈ ಒಣಗಿತ್ತು, ಬೆಚ್ಚಗಿತ್ತು, ಹೆಬ್ಬೆರಳಿನ ತುದಿಯಲ್ಲಿ ಝೆರಾಕ್ಸ್ ಪುಡಿಯ ಕಪ್ಪು ಕಲೆ. ಗಲಗಲ ಅನ್ನುವುದೊಂದೇ ಬಾಕಿ. ಆಮೇಲೆ ಪ್ರಬಂಧ ತೆಗೆದಳು.

ನನ್ನ ಪ್ರಬಂಧ ನಿಮಗೆ ಹೇಳಿಲ್ಲ ಅಲ್ಲವೇ. "ನಾನು ಹುಟ್ಟು ನಾಯಕಿ" ಅಂತ ಶುರುವಾಗುತ್ತದೆ. ಎರಡನೇ ಸಾಲಿನಿಂದ ಮುಂದೆ ನನಗೇ ಉಚ್ಚರಿಸಲು ಬಾರದ ಶಬ್ದಗಳು, ಮೊಬೈಲಿನಿಂದ ಇಳಿಸಿದ್ದು.

ಆಕೆಯದರಲ್ಲಿ ಒಂದೂ ದೊಡ್ಡ ಶಬ್ದ ಇರಲಿಲ್ಲ. ಕೋರ್ಟು ಶುರುವಾಗುವ ಮೊದಲಿನ ಒಂದು ತಾಸು ಅಂಗಡಿಯ ಮುಂದೆ ಜಾತ್ರೆಯಂಥ ಗದ್ದಲ. ವಕೀಲರ ಗುಮಾಸ್ತರು ಕೂಗಿ ಕೂಗಿ ಮೊದಲು ಮಾಡಿಸಿಕೊಂಡು ಹೋಗುತ್ತಾರೆ. ಬೆಳಗಿನ ಮೊದಲ ಬಸ್ಸಿಗೆ ಹಳ್ಳಿಯಿಂದ ಬಂದವರಿಗೆ ಕೂಗಲು ಸಂಕೋಚ, ಹಾಗಾಗಿ ಎಲ್ಲರಿಗಿಂತ ಮೊದಲು ಬಂದವರೇ ಎಲ್ಲರಿಗಿಂತ ಕೊನೆಗೆ ಉಳಿಯುತ್ತಾರೆ. ಇದನ್ನು ನೋಡಿ ನೋಡಿ ಆಕೆ ಒಂಬತ್ತನೇ ತರಗತಿಯಲ್ಲಿದ್ದಾಗ ರಟ್ಟಿನ ಚೂರುಗಳಿಗೆ ನಂಬರು ಬರೆದು ಬಾಗಿಲ ಮೊಳೆಗೆ ನೇತುಹಾಕಿದಳಂತೆ. ಬಂದವರು ಒಂದೊಂದು ತೆಗೆದುಕೊಳ್ಳಬೇಕು. ಒಂದೆರಡು ಹಾಳೆಯವರಿಗೆ ಒಂದು ಸಾಲು, ಇಡೀ ಫೈಲಿನವರಿಗೆ ಇನ್ನೊಂದು. ಮೊದಲ ವಾರ ಇಬ್ಬರು ಗುಮಾಸ್ತರು ಸಿಟ್ಟಾಗಿ ಪಕ್ಕದ ಅಂಗಡಿಗೆ ಹೋದರು. ಮೂರನೇ ವಾರ ತಾವೇ ಬಂದು ನಂಬರು ತೆಗೆದುಕೊಂಡರು, ಯಾಕೆಂದರೆ ಅಲ್ಲಿ ಕೂಗುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಕೊನೆಯ ಸಾಲು ಹೀಗಿತ್ತು: ಕೂಗದವರ ಕೆಲಸವೂ ಹೊತ್ತಿಗೆ ಆಗುವ ಅಂಗಡಿ ಹೇಗೆ ನಡೆಸುವುದು ಅಂತ ಕಲಿಯಲು ಬರುತ್ತಿದ್ದೇನೆ.

ಬೇಕರಿಯಾಕೆ ಓದಿ, "ಚಲೋ ಐತಿ," ಅಂದಳು. ಗುತ್ತಲದಾಕೆ ಮತ್ತೊಮ್ಮೆ ಓದಿದಳು. ಆಕೆ ಮತ್ತೊಮ್ಮೆ ಓದಿದ್ದೇ ನನ್ನ ಹೊಟ್ಟೆಗೆ ಬೆಂಕಿ ಇಟ್ಟಿತು. ನನ್ನ ಪ್ರಬಂಧವನ್ನು ಆಕೆ ಒಮ್ಮೆ ಕೂಡ ಪೂರ್ತಿ ಓದಿರಲಿಲ್ಲ.

ಮೂವರೂ ಚೀಟಿ ಬರೆದು ಬಾಕ್ಸಿಗೆ ಹಾಕಿದೆವು. ಬಸ್ಸಿಗೆ ಹೊತ್ತಾಯಿತು ಅಂತ ಗುತ್ತಲದಾಕೆ ತನ್ನ ಚೀಟಿ ಪುಸ್ತಕ ನನ್ನ ಚೀಲಕ್ಕೆ ತುರುಕಿ ಓಡಿದಳು. ಬೇಕರಿಯಾಕೆಯನ್ನು ಆಕೆಯ ಅಪ್ಪ ಗಲ್ಲಾಪೆಟ್ಟಿಗೆಯ ಮುಂದೆ ಕೂರಲು ಕರೆದ. ನಾನೂ ಅತ್ತೆಯ ಮಗಳೂ ಬಾಕ್ಸು ಹಿಡಿದುಕೊಂಡು, ನನ್ನ ಕೂಲಿಯ ಗಿರಮಿಟ್ಟು ಪೇಪರಿನಲ್ಲಿ ಕಟ್ಟಿಸಿಕೊಂಡು, ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿಗೆ ಬಂದೆವು.

ಆಕೆಗೆ ಬೆನ್ನು ಕೊಟ್ಟು ಬಾಕ್ಸು ತೆರೆದೆ. ಮೊದಲನೆಯದು ನನ್ನದೇ, ಹನ್ನೆರಡು. ಎರಡನೆಯದು ಬೇಕರಿಯಾಕೆಯದು, ಅರವತ್ತು. ಮೂರನೆಯದು ಗುತ್ತಲದಾಕೆಯ ನೇಗಿಲಿನ ಅಕ್ಷರ. ಲಾಟ್ ನಲವತ್ತೇಳು, ಹಾವೇರಿ ಝೆರಾಕ್ಸ್, ತೊಂಬತ್ತೊಂದು. ನಮ್ಮ ಮಾರುಕಟ್ಟೆ ಹುಟ್ಟಿದಾಗಿನಿಂದ ಗುತ್ತಲದಾಕೆ ಯಾರಿಗೂ ಎಪ್ಪತ್ತು ದಾಟಿಸಿರಲಿಲ್ಲ.

"ಎಷ್ಟು ಬಿತ್ತಲೇ?" ಅಂದಳು.

ನಾನು ತಿರುಗಿ, ಅಪ್ಪನ ಹಾಗೆ ತಲೆ ತಗ್ಗಿಸಿ, "ಹೆಚ್ಚಿನ ರೇಟ ಹನ್ನೆರಡು," ಅಂದೆ.

ಆಕೆ ಕೈ ಚಾಚಿದಳು. ನನ್ನ ಚೀಟಿ ಕೊಟ್ಟೆ. ಆಕೆ ಅದನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಹುಬ್ಬಳ್ಳಿ ಬಸ್ಸೊಂದು ಹಾರ್ನು ಹೊಡೆಯಿತು, ಆಕೆ ಅದು ಹಾವೇರಿಗೆ ಹೋಗುತ್ತದೆಯೇ ಅಂತ ಬೋರ್ಡು ನೋಡಲು ಎದ್ದಳು. ಉಳಿದೆರಡು ಚೀಟಿ ನನ್ನ ಮುಷ್ಟಿಯಲ್ಲಿ. ಬಿಸಾಡಿದರೆ ಗಾಳಿ ಆಕೆಯ ಕಾಲ ಹತ್ತಿರವೇ ಒಯ್ಯುತ್ತದೆ, ನನ್ನ ಅದೃಷ್ಟ ನನಗೆ ಗೊತ್ತು. ಎರಡನ್ನೂ ಗಿರಮಿಟ್ಟಿನಲ್ಲಿ ಮಡಚಿ ಬಾಯಿಗೆ ಹಾಕಿಕೊಂಡೆ. ಅರವತ್ತು ಮೆತ್ತಗಿತ್ತು. ತೊಂಬತ್ತೊಂದು ಅಡ್ಡ ನಿಂತಿತು. ಕಣ್ಣಲ್ಲಿ ನೀರು ಬಂತು.

ಆಕೆ ತಿರುಗಿ ನೋಡಿ, "ಯಾಕಲೇ, ನೀನ್ಯಾಕ ಅಳ್ತಿ," ಅಂದಳು. "ಬಿದ್ದಿದ್ದು ನನಗ ಹನ್ನೆರಡು." ಬೆನ್ನು ಸವರಿದಳು. ತನ್ನ ಬಾಟಲಿಯಿಂದ ನೀರು ಕುಡಿಸಿದಳು. ಆ ನೀರಿನಿಂದಲೇ ತೊಂಬತ್ತೊಂದು ಕೆಳಗಿಳಿದದ್ದು.

"ಉಳದೆರಡು?"

"ಅವು ಇನ್ನೂ ಕಡಿಮಿ ಅದಾವು. ನೋಡಿ ಯಾಕ ಬ್ಯಾಸರಾ ಮಾಡ್ಕೋತಿ."

"ಬ್ಯಾಡಗ್ಯಾಗ ರೇಟು ಒಪ್ಪದಿದ್ರ ರೈತರು ಮಾಲು ಕೊಡಂಗಿಲ್ಲ, ಅಲ್ಲೇನು? ಮಾಮಾ ಹೇಳಿದ್ದ."

"ಅದು ಮೆಣಸಿನಕಾಯಿಗೆ," ಅಂದೆ.

"ನಿಂದೆಷ್ಟು ಬಿತ್ತು?"

"ಎಂಬತ್ತೆಂಟು."

"ಬೀಳ್ಬೇಕ ಬಿಡು," ಅಂದು ನಕ್ಕಳು. ಖರೇ ನಕ್ಕಳು. ನನಗೆ ತೊಂಬತ್ತಾರು ಬಂದಿದ್ದರೂ ನಾನು ಯಾರಿಗೂ ಹಾಗೆ ನಗಲಾರೆ. ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.

ಮುಂದಿನ ಹತ್ತು ದಿನ ನಾನು ಸುಖವಾಗಿದ್ದೆ ಅಂತ ಹೇಳಿದರೆ ನಂಬಿ, ನಾಲ್ಕು ದಿನವಂತೂ ಖಂಡಿತ. ಗುತ್ತಲದಾಕೆ, "ನಿಮ್ಮತ್ತಿ ಮಗಳು ಅರ್ಜಿ ಹಾಕಿದ್ಲೇನು?" ಅಂತ ಕೇಳಿದಾಗ "ಹ್ಞೂಂ" ಅಂದೆ. ಐದನೇ ದಿನ ಅತ್ತೆ ಅಪ್ಪನಿಗೆ ಫೋನು ಮಾಡಿ, ಹುಡುಗಿ ಯಾಕೋ ಬಿ.ಕಾಂ. ಸಾಕು ಅನ್ನುತ್ತಾಳೆ, ಅಂಗಡಿಗೆ ಹೊಸ ಮಷಿನ್ನು ನೋಡೋಣ ಅನ್ನುತ್ತಾಳೆ ಅಂದಳು. ಅಪ್ಪ ಆ ರಾತ್ರಿ ಊಟ ಮಾಡುವಾಗ ಎರಡು ಸಲ, "ಡಬ್ಬಿ ಮಾಲು, ಮನ್ಯಾಗ ಇಟ್ಕೋತಾರಂತ," ಅಂದ. ಮುಂದೆ ಕೂತ ಕಡ್ಡಿಯ ಕಡೆ ನೋಡಲಿಲ್ಲ.

ಅರ್ಜಿಗೆ ಕೊನೆಯ ದಿನ ಭಾನುವಾರ, ಸಂಜೆ ಐದು ಗಂಟೆ. ನಾನು ಎಲ್ಲವನ್ನೂ ಕೊನೆಯ ದಿನಕ್ಕೇ ಇಟ್ಟುಕೊಳ್ಳುವವಳು. ಅಪ್ಪ ಧಣಿಯ ಮನೆಯಿಂದ ಒಂದು ದಿನದ ಮಟ್ಟಿಗೆ ಲ್ಯಾಪ್‌ಟಾಪು ಕೇಳಿ ತಂದಿದ್ದ. ನಮ್ಮ ಮನೆಯಲ್ಲಿರುವ ಒಂದೇ ಕುರ್ಚಿಯ ಮೇಲೆ ನಾನು ಕೂತಿದ್ದೆ. ನನ್ನ ಫೋಟೋ ಹಾಕಿದರೆ ದೊಡ್ಡದಾಯಿತು ಅನ್ನುತ್ತಿತ್ತು, ಸಣ್ಣದು ಮಾಡಿದರೆ ಮುಖ ಕಾಣುವುದಿಲ್ಲ ಅನ್ನುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಬಾಗಿಲಲ್ಲಿ ಚಪ್ಪಲಿಯ ಸದ್ದಾಯಿತು. ನೋಡಿದರೆ ಆಕೆ.

"ಫೋಟೋ, ಸಹಿ ಎಲ್ಲಾ ಅಳತಿ ಪ್ರಕಾರ ಮಾಡ್ಬೇಕಲೇ. ನಿನಗ ಬರಂಗಿಲ್ಲ ಅಂತ ಗೊತ್ತಿತ್ತು," ಅಂದು ಪೆನ್‌ಡ್ರೈವ್ ತೆಗೆದಳು. "ಅಂಗಡ್ಯಾಗ ದಿನಾ ಇದ ಕೆಲಸ."

ಪೆನ್‌ಡ್ರೈವ್ ತೆರೆದಾಗ ನಾನು ನೋಡಿಬಿಟ್ಟೆ. ಒಂದು ಫೋಲ್ಡರಿನಲ್ಲಿ ಆಕೆಯ ಫೋಟೋ, ಸಹಿ, ಅಂಕಪಟ್ಟಿ, ಪ್ರಬಂಧ, ಎಲ್ಲ ಅಳತೆಗೆ ತಕ್ಕ ಹಾಗೆ, ಸಾಲಾಗಿ. ನಾನು ನೋಡಿದ್ದನ್ನು ಆಕೆ ನೋಡಿದಳು.

"ಎಲ್ಲಾ ತಯಾರ್ ಮಾಡಿ ಇಟ್ಟಿದ್ನಿ," ಅಂದಳು. "ಇರ್ಲಿ ಬಿಡು. ಗ್ವಾಡಿ ಮುಂದ ನಿಂದ್ರು, ಇನ್ನೊಂದು ಫೋಟೋ ತಗೀತೇನಿ. ಇದರಾಗ ನೀ ಕಳ್ಳಿ ಹಂಗ ಕಾಣಾಕತ್ತಿ."

ಊಟಕ್ಕೆ ಬಂದ ಅಪ್ಪ ಆಕೆಯನ್ನು ನೋಡಿ ಅರಳಿದ. "ಯವ್ವಾ, ನಿನ್ನ ಫಾರ್ಮ್ ಯಾಕ ಹಾಕಲಿಲ್ಲ?"

"ನನ್ನ ಲಾಟಿಗೆ ಹನ್ನೆರಡು ಬಿತ್ತು ಮಾಮಾ."

"ಹನ್ನೆರಡು?"

"ಮೂರು ಚೀಟ್ಯಾಗ ಹೆಚ್ಚಿನ ರೇಟ ಅದು. ಇಕಿನ ತಗದು ಹೇಳಿದ್ಲು."

ಅಪ್ಪ ರೊಟ್ಟಿ ಮುರಿಯುತ್ತಿದ್ದವನು ನಿಲ್ಲಿಸಿ ಆಕೆಯನ್ನು ನೋಡಿದ, ರಾಶಿಯನ್ನು ನೋಡುವ ಹಾಗೆ, ಆಮೇಲೆ ನನ್ನನ್ನು ನೋಡಿದ. ಮತ್ತೆ ರೊಟ್ಟಿ ಮುರಿದ. ನಾನು ಗೋಡೆಗೆ ಒರಗಿ ಫೋಟೋಕ್ಕೆ ನಗುವುದನ್ನು ಅಭ್ಯಾಸ ಮಾಡಿದೆ.

ಅವ್ವನಿಗೆ ಆಕೆ ಬಂದರೆ ಹಬ್ಬ. "ಹುಡುಗಿಗೆ ಒಗ್ಗರಣಿ ಅವಲಕ್ಕಿ ಅಂದ್ರ ಪ್ರಾಣ," ಅಂದು, ಕಿಟಕಿಯ ಮೇಲೆ ನಾನಿಟ್ಟಿದ್ದ ಚೀಟಿ ಪುಸ್ತಕಗಳಲ್ಲಿ ಒಂದರಿಂದ ಗುಲಾಬಿ ಹಾಳೆ ಹರಿದು, ಅದರ ಬೆನ್ನಿಗೆ ಪಟ್ಟಿ ಬರೆದು ಅಪ್ಪನ ಕೈಗೆ ಕೊಟ್ಟಳು. ಅಪ್ಪ ಚೀಲ ಹಿಡಿದು ಹೋದ. ನನಗೆ ಒಗ್ಗರಣೆ ಅವಲಕ್ಕಿ ಅಂದರೆ ಪ್ರಾಣ ಅಂತ ಹದಿನೇಳು ವರ್ಷದಲ್ಲಿ ಯಾರೂ ಅಂಗಡಿಗೆ ಹೋಗಿಲ್ಲ. ನಾನು ಆ ಸಿಟ್ಟಿನಲ್ಲೇ ಇದ್ದೆ, ಹಾಳೆಯ ಕಡೆ ನೋಡಲಿಲ್ಲ.

ನಾಲ್ಕರ ಹೊತ್ತಿಗೆ ನನ್ನ ಫೋಟೋ ಕೂತಿತು, ಸಹಿ ಕೂತಿತು. "ಹುಟ್ಟು ನಾಯಕಿ" ಹಾಕುವುದೊಂದು ಉಳಿದಿತ್ತು. ಆಕೆ ನನ್ನ ಹೆಗಲ ಹಿಂದೆ ನಿಂತು ಅದನ್ನು ಓದಿ, ನಗದೆ, "ಈ ಶಬ್ದದ ಅರ್ಥ ಕೇಳಿದ್ರ ಸಂದರ್ಶನದಾಗ ಏನ್ ಹೇಳ್ತಿ?" ಅಂದಳು. "ನೀವು ಮೂರೂ ಮಂದಿ ಬೇಕರ್‍ಯಾಗ ಮಾಡಿದ್ದನ್ನ ಬರ್ಯಲೇ. ಅಂಥಾದ್ದು ಯಾರೂ ಬರೆದಿರಂಗಿಲ್ಲ."

ಹೌದಲ್ಲ ಅನ್ನಿಸಿತು. ಇಷ್ಟು ದಿನ ನನಗೆ ಹೊಳೆಯದ್ದು ಆಕೆಗೆ ನಿಂತ ಕಾಲಿನ ಮೇಲೆ ಹೊಳೆಯಿತು. ಹೊಟ್ಟೆಕಿಚ್ಚಿಗೂ ಒಂದು ಮಿತಿ ಇರುತ್ತದೆ ಅಂತ ಆ ದಿನದ ತನಕ ನಾನು ತಿಳಿದಿದ್ದೆ. ಹೇಳಿಬಿಡಲೇ ಅಂತ ಬಾಯಿ ತೆರೆದೆ. ತೊಂಬತ್ತೊಂದು ಗಂಟಲ ತನಕ ಬಂತು. ನಿಜವಾಗಿ ಬಂತು, ನೀವು ನಂಬುವುದಿಲ್ಲ. ಮತ್ತೆ ನುಂಗಿದೆ.

ಆಗ ಅಪ್ಪ ಬಂದ.

ಚಪ್ಪಲಿ ಹೊರಗೆ ಬಿಡಲಿಲ್ಲ. ಚೀಲವನ್ನು ಬಾಗಿಲಲ್ಲೇ ಇಟ್ಟ. ಅವ್ವ ಒಳಗಿನಿಂದ, "ಅವಲಕ್ಕಿ ತೆಳ್ಳಂದು ತಂದ್ರೇನ್ರಿ?" ಅಂದಳು. ಅಪ್ಪನ ಕೈಯಲ್ಲಿ ಗುಲಾಬಿ ಹಾಳೆ.

"ಕಿರಾಣಿ ಅಂಗಡಿಯಾಂವ ಪಟ್ಟಿ ಓದಿ, ಹೊಳ್ಳಿಸಿ ನೋಡಿದ," ಅಂದ ಅಪ್ಪ, ಬಹಳ ಮೆಲ್ಲಗೆ. "ಅಣ್ಣಾರ, ಅವಲಕ್ಕಿ, ಶೇಂಗಾ, ಪುಠಾಣಿ ಕಟ್ಟೇನಿ, ಇನ್ನ ಈ ಹಾವೇರಿ ಝೆರಾಕ್ಸ್ ತೊಂಬತ್ತೊಂದು ಅಂತ ಐತಲ್ಲ, ಅದನ್ನೂ ಕಟ್ಟಲೇನು ಅಂತ ಕೇಳಿದ."

ಹಾಳೆಯನ್ನು ಆಕೆಯ ಕೈಗೆ ಕೊಟ್ಟ. ಗುತ್ತಲದಾಕೆಯ ಅಕ್ಷರ ಗುಲಾಬಿ ಹಾಳೆಗೆ ಎಷ್ಟು ಚೆನ್ನಾಗಿ ಇಳಿದಿತ್ತು ಅಂದರೆ ಕುರ್ಚಿಯಲ್ಲಿ ಕೂತ ನನಗೂ ಓದಲು ಬರುತ್ತಿತ್ತು. ಆಕೆ ಒಮ್ಮೆ ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ನನ್ನನ್ನು ನೋಡಿದಳು, ಬಸ್ ಸ್ಟ್ಯಾಂಡಿನಲ್ಲಿ ನೀರು ಕುಡಿಸಿದ ಬಾಟಲಿ ಎಲ್ಲಿದೆ ಅಂತ ಹುಡುಕುವವಳ ಹಾಗೆ.

ಗೋಡೆಯ ಗಡಿಯಾರದಲ್ಲಿ ನಾಲ್ಕೂ ಹತ್ತು. ಪೆನ್‌ಡ್ರೈವ್ ಇನ್ನೂ ಲ್ಯಾಪ್‌ಟಾಪಿನಲ್ಲೇ ಇತ್ತು.

ಅಪ್ಪ ಬಂದು ನನ್ನ ಕೈ ಹಿಡಿದ. ಹಿಂಡಿದ. ಅಂಗೈ ನೀರಾಗಿತ್ತು.

"ಹಸಿ ಐತಿ," ಅಂದ. "ಏಳು. ಆಕಿಗೆ ಕುರ್ಚಿ ಬಿಡು."